ಗೇರ್‌ಬಾಕ್ಸಿಗೂ ಗಾಲಿಗೂ ನಡುವಿನ ಶಾಫ್ಟ್: ಜೋಡಣೆ ಹೇಗೆ, ಕೆಡುವುದು ಯಾಕೆ?

ತೊಗರಿ ರಾಶಿ ಶುರುವಾಯಿತೆಂದರೆ ಕಲಬುರಗಿ ಕಡೆ ಗಾಡಿಗಳಿಗೆ ಬಿಡುವೇ ಇರುವುದಿಲ್ಲ. ಹೊಲದಿಂದ ಊರಿಗೆ, ಊರಿಂದ ಗಂಜ್‌ಗೆ (ಧಾನ್ಯದ ಮಾರುಕಟ್ಟೆಗೆ), ಗಂಜ್‌ನಿಂದ ದಾಲ್ ಮಿಲ್ಲಿಗೆ ಓಡಾಟ. ಅದೇ ಹೊತ್ತಿಗೆ ಆಳಂದ, ಅಫಜಲಪುರ, ಹುಮನಾಬಾದ್, ಭಾಲ್ಕಿ ಕಡೆ ಕಬ್ಬಿನ ಕಟಾವು. ಶಹಾಬಾದ್ ಕಲ್ಲಿನ ಲಾರಿ, ಸೇಡಂ–ವಾಡಿ ಕಡೆಯ ಸಿಮೆಂಟ್ ಲಾರಿ ಅಂತೂ ವರ್ಷವಿಡೀ ಇದ್ದೇ ಇರುತ್ತವೆ. ಇಂಥ ದಿನಗಳಲ್ಲಿ ಗ್ಯಾರೇಜಿಗೆ ಹೋದರೆ ಒಂದು ಮಾತು ಜಾಸ್ತಿ ಕಿವಿಗೆ ಬೀಳುತ್ತದೆ: “ಜಾಯಿಂಟ್ ಕ್ರಾಸ್ ಹೋಗ್ಯಾದ್ರಿ, ಬದ್ಲಿ ಮಾಡ್ಬೇಕು.”

ಬಹಳ ಜನ ಹ್ಞೂಂ ಅಂದು, ರೊಕ್ಕ ಕೊಟ್ಟು, ಗಾಡಿ ತೆಗೆದುಕೊಂಡು ಬರುತ್ತಾರೆ. ಹೋಗಿದ್ದು ಏನು, ಅದು ಎಲ್ಲಿರುತ್ತದೆ, ಯಾಕೆ ಹೋಯಿತು ಅನ್ನುವುದು ಗೊತ್ತಿದ್ದರೆ ಎಷ್ಟೋ ಸಲ ದೊಡ್ಡ ಖರ್ಚಿಗೆ ಮುಂಚೆಯೇ ಅದನ್ನು ಹಿಡಿಯಬಹುದು. ವಿಷಯ ಕಷ್ಟದ್ದೇನಲ್ಲ. ಗಾಡಿಯ ಕೆಳಗೆ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಎಂಜಿನ್ನಿನ ಶಕ್ತಿ ಹೋಗುವ ದಾರಿ

ಪಿಕಪ್, ಕ್ರೂಸರ್, ಬೊಲೆರೊ, ಟಾಟಾ ಏಸ್, ಲಾರಿ ಇವೆಲ್ಲ ಹಿಂದಿನ ಗಾಲಿಯಿಂದ ಓಡುವ ಗಾಡಿಗಳು. ಎಂಜಿನ್ ತಿರುಗಿದ್ದು ಮೊದಲು ಕ್ಲಚ್‌ಗೆ ಬರುತ್ತದೆ, ಅಲ್ಲಿಂದ ಗೇರ್‌ಬಾಕ್ಸಿಗೆ. ಟ್ರಾನ್ಸ್‌ಮಿಷನ್ ಅಂತ ಕರೆಯುವುದೂ ಈ ಗೇರ್‌ಬಾಕ್ಸನ್ನೇ. ಅದರ ಹಿಂಬದಿಯಿಂದ ಒಂದು ಗಟ್ಟಿ ಸರಳು ಹೊರಗೆ ಬಂದಿರುತ್ತದೆ. ಇದು ಔಟ್‌ಪುಟ್ ಶಾಫ್ಟ್. ನೀವು ಹಾಕಿದ ಗೇರಿಗೆ ತಕ್ಕ ವೇಗದಲ್ಲಿ, ತಕ್ಕ ಬಲದಲ್ಲಿ ಇದು ತಿರುಗುತ್ತದೆ.

ಆದರೆ ಗಾಲಿ ಇರುವುದು ದೂರದಲ್ಲಿ, ಹಿಂದೆ. ಎರಡು ಹಿಂದಿನ ಗಾಲಿಗಳ ನಡುವೆ ಗುಂಡಗೆ ಉಬ್ಬಿದ ಕಬ್ಬಿಣದ ಹೊಟ್ಟೆ ಇರುತ್ತದಲ್ಲ, ಮಿಸ್ತ್ರಿಗಳು ಅದಕ್ಕೆ ಹೌಸಿಂಗ್ ಅನ್ನುತ್ತಾರೆ. ಒಳಗೆ ಡಿಫರೆನ್ಷಿಯಲ್, ಅಂದರೆ ತಿರುಗುವಿಕೆಯನ್ನು ಎರಡೂ ಗಾಲಿಗೆ ಹಂಚುವ ಗೇರುಗಳ ಜೋಡಣೆ ಇರುತ್ತದೆ. ಗೇರ್‌ಬಾಕ್ಸಿನ ಬಾಲದಿಂದ ಈ ಹೌಸಿಂಗ್‌ನ ಮೂತಿಯವರೆಗೆ ತಿರುಗುವಿಕೆಯನ್ನು ಒಯ್ಯುವ ಉದ್ದ ಪೈಪೇ ಡ್ರೈವ್ ಶಾಫ್ಟ್. ಲಾರಿಯವರ ಬಾಯಲ್ಲಿ ಅದು ಪ್ರೊಪೆಲ್ಲರ್ ಶಾಫ್ಟ್, ಇಲ್ಲವೇ ಸುಮ್ನೆ ‘ಜಾಯಿಂಟ್’.

ಇದರ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಎಂಜಿನ್ ಕೊಡುವ ತಿರುಚುವ ಬಲ, ಅಂದರೆ ಟಾರ್ಕ್, 200 ನ್ಯೂಟನ್ ಮೀಟರ್ ಅಂದುಕೊಳ್ಳಿ. ಮೊದಲ ಗೇರು ಅದನ್ನು 4 ಪಟ್ಟು ಮಾಡಿದರೆ ಶಾಫ್ಟ್ ಮೇಲೆ ಬರುವುದು 800. ವೇಗ ನೋಡಿದರೆ, ಗಂಟೆಗೆ 60 ಕಿಲೋಮೀಟರ್ ಓಡುವ ಪಿಕಪ್‌ನಲ್ಲಿ ಹೌಸಿಂಗ್ 4 ಸುತ್ತನ್ನು 1ಕ್ಕೆ ಇಳಿಸುತ್ತದೆ ಅಂತ ಹಿಡಿದರೆ, ಶಾಫ್ಟ್ ನಿಮಿಷಕ್ಕೆ ಸುಮಾರು 1,900 ಸುತ್ತು ತಿರುಗುತ್ತದೆ. ಒಂದು ಸೆಕೆಂಡಿಗೆ 30ಕ್ಕಿಂತ ಜಾಸ್ತಿ. ಹುಮನಾಬಾದ್ ರಸ್ತೆಯಲ್ಲಿ ಕಲಬುರಗಿಯಿಂದ ಬೀದರಿಗೆ ಹೋಗುವಷ್ಟು ಹೊತ್ತೂ ಅದು ಹಾಗೆಯೇ ತಿರುಗುತ್ತಿರಬೇಕು.

ಸುಮ್ನೆ ವೆಲ್ಡಿಂಗ್ ಮಾಡಿಬಿಟ್ಟರೆ ಆಗಲ್ವಾ?

ಇಷ್ಟು ಬಲ ಒಯ್ಯಬೇಕಾದರೆ ಎರಡೂ ತುದಿಯನ್ನು ಅಲ್ಲಾಡದಂತೆ ಬಿಗಿದುಬಿಡಬೇಕು ಅಂತ ಅನಿಸುತ್ತದೆ. ಹಾಗೆ ಮಾಡಿದರೆ ಮೊದಲ ಗುಂಡಿಯಲ್ಲೇ ಶಾಫ್ಟ್ ಮುರಿಯುತ್ತದೆ, ಇಲ್ಲ ಗೇರ್‌ಬಾಕ್ಸ್ ಒಡೆಯುತ್ತದೆ.

ಕಾರಣ ಇಷ್ಟು. ಗೇರ್‌ಬಾಕ್ಸ್ ಗಾಡಿಯ ಚಾಸಿಗೆ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟಿಗೆ ಕೂತಿರುತ್ತದೆ. ಹೌಸಿಂಗ್ ಹಾಗಲ್ಲ. ಅದು ಕಮಾನ್ ಪಟ್ಟಿಗಳಿಗೆ, ಅಂದರೆ ಲೀಫ್ ಸ್ಪ್ರಿಂಗಿಗೆ ಕಟ್ಟಿಕೊಂಡಿರುತ್ತದೆ. ಗುಂಡಿಗೆ ಇಳಿದರೆ ಗಾಲಿಯ ಜೊತೆ ಹೌಸಿಂಗೂ ಇಳಿಯುತ್ತದೆ, ಉಬ್ಬು ಹತ್ತಿದರೆ ಮೇಲೇಳುತ್ತದೆ. 50 ಚೀಲ ತೊಗರಿ ಹೇರಿದರೆ ಪಟ್ಟಿ ಒತ್ತಿಕೊಂಡು ಚಾಸಿ ಕೆಳಗೆ ಬರುತ್ತದೆ, ಗಂಜ್‌ನಲ್ಲಿ ಚೀಲ ಇಳಿಸಿದ ಮೇಲೆ ಮತ್ತೆ ಏಳುತ್ತದೆ. ಒಂದು ತುದಿ ನಿಂತಲ್ಲೇ ಇದ್ದು ಇನ್ನೊಂದು ತುದಿ ಮೇಲೆ ಕೆಳಗೆ ಆಡಿದರೆ ಎರಡು ಸಂಗತಿ ಬದಲಾಗುತ್ತವೆ. ಶಾಫ್ಟ್ ನಿಂತಿರುವ ಕೋನ ಬದಲಾಗುತ್ತದೆ. ಎರಡು ತುದಿಗಳ ನಡುವಿನ ಅಂತರವೂ ಬದಲಾಗುತ್ತದೆ.

ಹಾಗಾಗಿ ಗೇರ್‌ಬಾಕ್ಸಿಗೆ ಶಾಫ್ಟ್ ಸೇರುವ ಕಡೆ ಎರಡು ರೀತಿಯ ಸಡಿಲು ಬೇಕೇ ಬೇಕು. ಕೋನಕ್ಕೆ ಬಗ್ಗುವ ಸಡಿಲು ಒಂದು, ಉದ್ದಕ್ಕೆ ಜಾರುವ ಸಡಿಲು ಇನ್ನೊಂದು. ತಿರುಗುವುದರಲ್ಲಿ ಮಾತ್ರ ಕೂದಲೆಳೆಯಷ್ಟೂ ಸಡಿಲು ಇರಬಾರದು. ಈ ಮೂರನ್ನೂ ಒಟ್ಟಿಗೆ ಸಾಧಿಸುವುದೇ ಈ ಜೋಡಣೆಯ ಕೆಲಸ. ಅದು ಕೆಡುವುದೂ ಸಡಿಲು ಬೇಕಾದಲ್ಲಿ ಬಿಗಿಯಾದಾಗ, ಬಿಗಿ ಇರಬೇಕಾದಲ್ಲಿ ಸಡಿಲಾದಾಗ.

ಉದ್ದಕ್ಕೆ ಜಾರುವ ಭಾಗ

ಔಟ್‌ಪುಟ್ ಶಾಫ್ಟಿನ ಮೈಮೇಲೆ ಉದ್ದುದ್ದ ಹಲ್ಲುಗಳನ್ನು ಕೊರೆದಿರುತ್ತಾರೆ. ಇವಕ್ಕೆ ಸ್ಪ್ಲೈನ್ ಅಂತ ಹೆಸರು. ಇದರ ಮೇಲೆ ಕೂರುವ ಕೊಳವೆಯಂಥ ತೋಳಿನ ಒಳಮೈಯಲ್ಲೂ ಅಷ್ಟೇ ಹಲ್ಲುಗಳು. ಎರಡು ಕೈಯ ಬೆರಳುಗಳನ್ನು ಒಂದರ ಸಂದಿಗೊಂದು ಹೆಣೆದು ನೋಡಿ. ಒಂದು ಕೈ ತಿರುಗಿಸಿದರೆ ಇನ್ನೊಂದೂ ತಿರುಗಲೇಬೇಕು, ಆದರೆ ಹಿಂದೆ ಮುಂದೆ ಜಾರಿಸಬಹುದು. ಸ್ಪ್ಲೈನ್ ಮಾಡುವುದು ಇದನ್ನೇ.

ಈ ಜಾರುವ ಭಾಗ ಎರಡು ಕಡೆ ಇರಬಹುದು. ಕೆಲವು ಗಾಡಿಗಳಲ್ಲಿ ಶಾಫ್ಟಿನ ಮುಂದಿನ ತೋಳೇ ನೇರವಾಗಿ ಗೇರ್‌ಬಾಕ್ಸಿನ ಬಾಲದೊಳಗೆ ತೂರಿಕೊಂಡಿರುತ್ತದೆ. ಇದಕ್ಕೆ ಸ್ಲಿಪ್ ಯೋಕ್ ಅನ್ನುತ್ತಾರೆ. ತೋಳಿನ ಹೊರಮೈಯನ್ನು ಒಂದು ರಬ್ಬರ್ ಆಯಿಲ್ ಸೀಲ್ ಅಪ್ಪಿ ಹಿಡಿದಿರುತ್ತದೆ. ಇಂಥ ಗಾಡಿಯಲ್ಲಿ ಶಾಫ್ಟ್ ಎಳೆದು ಹೊರತೆಗೆದರೆ ಗೇರ್ ಆಯಿಲ್ ಸುರಿಯುತ್ತದೆ. ಅದು ಕೆಟ್ಟಿದ್ದರ ಲಕ್ಷಣ ಅಲ್ಲ, ಮುಚ್ಚಿದ್ದ ಬಾಯಿ ತೆರೆದಿದ್ದು ಅಷ್ಟೇ.

ಲಾರಿಗಳಲ್ಲಿ ರೂಢಿಯಲ್ಲಿರುವುದು ಇನ್ನೊಂದು ಬಗೆ. ಗೇರ್‌ಬಾಕ್ಸಿನ ಬಾಲದಲ್ಲಿ ತಟ್ಟೆಯಾಕಾರದ ಫ್ಲ್ಯಾಂಜ್. ಶಾಫ್ಟಿನ ತುದಿಯಲ್ಲೂ ಅದೇ ಅಳತೆಯ ಫ್ಲ್ಯಾಂಜ್. ಎರಡನ್ನೂ ಎದುರುಬದುರು ಇಟ್ಟು ಬೋಲ್ಟ್ ಬಿಗಿಯುತ್ತಾರೆ. ಇಲ್ಲಿ ಜಾರುವ ಸ್ಪ್ಲೈನ್ ಶಾಫ್ಟಿನ ಮೈಮೇಲೇ ಇರುತ್ತದೆ. ಗೇರ್ ಆಯಿಲ್ ಅಲ್ಲಿಗೆ ಬರುವುದಿಲ್ಲವಾದ್ದರಿಂದ ಗ್ರೀಸ್ ಹೊರಗಿನಿಂದ ಕೊಡಬೇಕು. ಕೊಡದಿದ್ದರೆ ಹಲ್ಲುಗಳು ಒಣಗಿ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ಗಾಡಿ ಕುಣಿದಾಗಲೆಲ್ಲ ಶಾಫ್ಟ್ ಜಾರದೆ ಗೇರ್‌ಬಾಕ್ಸನ್ನೇ ಗುದ್ದುತ್ತದೆ.

ಕ್ರಾಸ್ ಅಂದರೆ ಇದು

ಈಗ ಕೋನದ ಮಾತು. ಗ್ಯಾರೇಜಿನಲ್ಲಿ ಹಳೆ ಕ್ರಾಸ್ ಬಿದ್ದಿರುತ್ತವೆ, ಒಂದನ್ನು ಕೇಳಿ ಇಸಿದುಕೊಂಡು ಕೈಯಲ್ಲಿ ಹಿಡಿದು ನೋಡಿ. ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡು, ನಾಲ್ಕು ತೋಳು. ಪ್ರತಿ ತೋಳಿನ ತುದಿಗೆ ಬಟ್ಟಲಿನಂಥ ಒಂದು ಸಣ್ಣ ಕಪ್ಪು (ಕಪ್). ಕಪ್ಪು ಎಳೆದು ತೆಗೆದರೆ ಒಳಗೆ ಸುತ್ತಲೂ ನಿಂತ ಸಪೂರ ಉಕ್ಕಿನ ಕಡ್ಡಿಗಳು ಕಾಣುತ್ತವೆ. ಇವೇ ನೀಡಲ್ ಬೇರಿಂಗ್. ಗ್ರೀಸ್ ಮೆತ್ತಿದ್ದರೆ ಮಾತ್ರ ನಿಲ್ಲುತ್ತವೆ, ಒಣಗಿದ್ದರೆ ಉದುರುತ್ತವೆ.

ಎದುರುಬದುರಿನ ಎರಡು ತೋಳು ಗೇರ್‌ಬಾಕ್ಸ್ ಕಡೆಯ ಕವಲಿಗೆ ಕೂರುತ್ತವೆ. ಉಳಿದೆರಡು ಶಾಫ್ಟ್ ಕಡೆಯ ಕವಲಿಗೆ. ಈ ಕವಲಿಗೆ ಯೋಕ್ ಅಂತ ಹೆಸರು. ಕಪ್ಪು ಹೊರಗೆ ಜಾರದಂತೆ ಸರ್ಕ್ಲಿಪ್ ಎಂಬ ಸ್ಪ್ರಿಂಗ್ ಬಳೆ ಹಾಕಿರುತ್ತಾರೆ. ಒಂದು ಕವಲು ಮೇಲೆ ಕೆಳಗೆ ಬಗ್ಗುತ್ತದೆ, ಇನ್ನೊಂದು ಎಡಕ್ಕೆ ಬಲಕ್ಕೆ. ಎರಡೂ ಸೇರಿ ಯಾವ ದಿಕ್ಕಿಗೆ ಬೇಕಾದರೂ ಬಗ್ಗಬಹುದು. ಆದರೂ ತಿರುಗುವಿಕೆ ಕಡಿಯುವುದಿಲ್ಲ. ಇದೇ ಯೂನಿವರ್ಸಲ್ ಜಾಯಿಂಟ್.

ಕಾರಿಗಿಂತ ಎಷ್ಟೋ ಹಳೆಯ ಉಪಾಯ ಇದು. 16ನೇ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೊ ಹೆಸರಿನಿಂದ ಇದನ್ನು ಕಾರ್ಡನ್ ಜಾಯಿಂಟ್ ಅಂತಲೂ, 17ನೇ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಹೆಸರಿನಿಂದ ಹುಕ್ಸ್ ಜಾಯಿಂಟ್ ಅಂತಲೂ ಕರೆಯುತ್ತಾರೆ. ಮೊದಮೊದಲ ಎಷ್ಟೋ ಕಾರುಗಳಲ್ಲಿ ಹಿಂದಿನ ಗಾಲಿಗೆ ಚೈನ್ ಇರುತ್ತಿತ್ತು. 1903ರಲ್ಲಿ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಕಾರಿಗೆ ಒಗ್ಗುವ ಯೂನಿವರ್ಸಲ್ ಜಾಯಿಂಟಿಗೆ ಪೇಟೆಂಟ್ ಪಡೆದ. ಮುಂದೆ ಚೈನ್ ಮೂಲೆಗೆ ಸರಿಯಿತು.

ಗ್ರೀಸ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಗ್ರೀಸ್ ನಿಪ್ಪಲ್ (ಗ್ರೀಸ್ ತುಂಬುವ ಸಣ್ಣ ಬಾಯಿ) ಇರುವ ಕ್ರಾಸ್‌ನೊಳಗೆ ಸಣ್ಣ ಕಾಲುವೆಗಳಿರುತ್ತವೆ. ಗ್ರೀಸ್ ಗನ್ನಿನಿಂದ ಒತ್ತಿದ ಗ್ರೀಸ್ ನಾಲ್ಕೂ ತೋಳಿಗೆ ಹರಿಯಬೇಕು. ಹೊಸ ಗ್ರೀಸ್ ನಾಲ್ಕೂ ಕಪ್ಪಿನ ಅಂಚಿನಿಂದ ಇಣುಕುವವರೆಗೆ ಒತ್ತಬೇಕು. ಮೂರರಿಂದ ಬಂದು ಒಂದರಿಂದ ಬರಲಿಲ್ಲ ಅಂದರೆ ಆ ಕಾಲುವೆ ಕಟ್ಟಿದೆ ಅಂತ ಅರ್ಥ, ಆ ತೋಳು ಒಣಗಿಯೇ ಓಡುತ್ತಿದೆ. ಎರಡು ಸಲ ಗನ್ ಒತ್ತಿ ‘ಆಯ್ತು’ ಅನ್ನುವುದರಲ್ಲಿ ಇದು ಗೊತ್ತೇ ಆಗುವುದಿಲ್ಲ. ಪಕ್ಕದಲ್ಲಿ ನಿಂತು ನಾಲ್ಕೂ ಕಪ್ಪು ನೋಡಿ. ನಮ್ಮ ಕಡೆಯ ರಸ್ತೆಯಲ್ಲಿ ಎರೆಮಣ್ಣಿನ ಧೂಳು, ಕಲ್ಲಿನ ಪುಡಿ, ಸಿಮೆಂಟ್ ಪುಡಿ ಎಲ್ಲವೂ ಇವೆ. ಹೊಸ ಗ್ರೀಸ್ ಒಳಗಿನ ಕೊಳೆಯನ್ನು ಹೊರಗೆ ತಳ್ಳುತ್ತದೆ ಅನ್ನುವುದಕ್ಕೂ ಈ ಕೆಲಸ ಮುಖ್ಯ.

ಎರಡು ಕ್ರಾಸ್ ಯಾಕೆ? ಬಾಣದ ಗುರುತು ಯಾಕೆ?

ಶಾಫ್ಟಿನ ಗೇರ್‌ಬಾಕ್ಸ್ ತುದಿಯಲ್ಲಿ ಒಂದು ಕ್ರಾಸ್, ಹೌಸಿಂಗ್ ತುದಿಯಲ್ಲಿ ಇನ್ನೊಂದು. ಎರಡೂ ತುದಿಗೆ ಬಗ್ಗಬೇಕು ಅನ್ನುವುದು ಒಂದು ಕಾರಣ. ಅದಕ್ಕಿಂತ ಸ್ವಾರಸ್ಯದ ಕಾರಣ ಬೇರೆ ಇದೆ.

ಬಗ್ಗಿದ ಕ್ರಾಸ್ ಒಂದು ಕಡೆ ಒಂದೇ ಸಮನೆ ತಿರುಗಿದರೂ ಇನ್ನೊಂದು ಕಡೆ ಒಂದೇ ಸಮನೆ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಸ್ವಲ್ಪ ಮುಂದೆ ಓಡುತ್ತದೆ, ಎರಡು ಸಲ ಸ್ವಲ್ಪ ಹಿಂದೆ ಬೀಳುತ್ತದೆ. ಕೋನ 10 ಡಿಗ್ರಿ ಇದ್ದರೆ ಈ ಏರಿಳಿತ ಮೇಲೆ ಕೆಳಗೆ ಶೇಕಡಾ 1.5ರಷ್ಟು. 30 ಡಿಗ್ರಿಗೆ ಹೋದರೆ ಮೇಲೆ ಶೇಕಡಾ 15, ಕೆಳಗೆ ಶೇಕಡಾ 13. ಸೆಕೆಂಡಿಗೆ 30 ಸುತ್ತು ತಿರುಗುವ ಶಾಫ್ಟಿನಲ್ಲಿ ಇದು ಸೆಕೆಂಡಿಗೆ 60 ಸಲ ಬರುವ ಹೊಡೆತ.

ಇದಕ್ಕೆ ಮದ್ದು ಎರಡನೇ ಕ್ರಾಸ್. ಮುಂದಿನದು ವೇಗ ಏರಿಸಿದ ಕ್ಷಣದಲ್ಲೇ ಹಿಂದಿನದು ಅಷ್ಟೇ ಇಳಿಸಿದರೆ ಹೌಸಿಂಗ್‌ಗೆ ಒಂದೇ ಸಮನೆಯ ತಿರುಗುವಿಕೆ ಸಿಗುತ್ತದೆ. ಅದಕ್ಕೆ ಎರಡು ಷರತ್ತು. ಎರಡೂ ತುದಿಯ ಕೋನ ಸಮ ಇರಬೇಕು. ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರಕ್ಕೆ ಇರಬೇಕು.

ಎರಡನೇ ಷರತ್ತು ಕೈತಪ್ಪುವುದು ಸ್ಪ್ಲೈನ್ ಬಿಚ್ಚಿ ಜೋಡಿಸುವಾಗ. ಒಂದು ಹಲ್ಲು ಆಚೀಚೆ ಆದರೂ ತೋಳು ಒಳಗೆ ಹೋಗುತ್ತದೆ, ನೋಡಲು ಸರಿಯಾಗಿಯೇ ಕಾಣುತ್ತದೆ. ಗಾಡಿ ಓಡಿಸಿದಾಗ ಮಾತ್ರ ನಡುಕ ಶುರುವಾಗುತ್ತದೆ. ಅದಕ್ಕಾಗಿಯೇ ಎರಡೂ ಭಾಗದ ಮೇಲೆ ಬಾಣದ ಗುರುತು ಕೊರೆದಿರುತ್ತಾರೆ. ಬಾಣಕ್ಕೆ ಬಾಣ ಎದುರಾಗಬೇಕು. ಗುರುತು ಅಳಿಸಿಹೋಗಿದ್ದರೆ ಬಿಚ್ಚುವ ಮೊದಲೇ ಪೇಂಟಿನಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಹೊಸ ಕ್ರಾಸ್ ಹಾಕಿಸಿದ ಮೇಲೆ ಗಾಡಿ ಮೊದಲಿಗಿಂತ ಜಾಸ್ತಿ ನಡುಗಿದರೆ ಮೊದಲು ನೋಡಬೇಕಾದದ್ದು ಇದನ್ನೇ.

ಕೋನವನ್ನು ಕೆಡಿಸುವುದು ನಾವೇ, ಭಾರ ಜಾಸ್ತಿ ಹೇರಲಿಕ್ಕೆ ಅಂತ ಎಕ್ಸ್‌ಟ್ರಾ ಪಟ್ಟಿ ಹಾಕಿಸಿದಾಗ. ಗಾಡಿಯ ಹಿಂಭಾಗ ಎತ್ತರವಾಗುತ್ತದೆ, ಕೋನ ಜಾಸ್ತಿಯಾಗುತ್ತದೆ. ಭಾರ ಹೊತ್ತಾಗ ಸರಿ ಇದ್ದರೂ ಖಾಲಿ ಬರುವಾಗ ಕ್ರಾಸ್ ಸವೆಯುತ್ತದೆ. ಹಾಗಂತ ಕೋನ ಪೂರ್ತಿ ಸೊನ್ನೆ ಇದ್ದರೂ ಒಳ್ಳೆಯದಲ್ಲ. ಆಗ ಕಪ್ಪಿನೊಳಗಿನ ಕಡ್ಡಿಗಳು ಉರುಳದೆ ಒಂದೇ ಜಾಗದಲ್ಲಿ ಕೂತು ತೋಳಿನ ಮೇಲೆ ತಗ್ಗು ಮಾಡುತ್ತವೆ. ಅದಕ್ಕೇ ಗಾಡಿ ಮಾಡುವವರು ಒಂದೆರಡು ಡಿಗ್ರಿ ಬೇಕೆಂದೇ ಇಟ್ಟಿರುತ್ತಾರೆ.

ಪೈಪು ಟೊಳ್ಳು, ನಡುವೆ ಬೇರಿಂಗ್

ತಿರುಚುವ ಬಲವನ್ನು ಹೆಚ್ಚು ತಡೆಯುವುದು ಸರಳಿನ ಹೊರಮೈ. ನಡುಮಧ್ಯದ ಲೋಹದ ಮೇಲೆ ಹೆಚ್ಚೇನೂ ಹೊರೆ ಬೀಳುವುದಿಲ್ಲ. ಅದನ್ನು ತೆಗೆದು ಪೈಪು ಮಾಡಿದರೆ ಬಲ ಅಷ್ಟೇನೂ ಕಡಿಮೆಯಾಗದೆ ತೂಕ ಇಳಿಯುತ್ತದೆ.

ಉದ್ದದ ತೊಂದರೆ ಬೇರೆ. ಉದ್ದ ಪೈಪು ಒಂದು ವೇಗ ದಾಟಿದರೆ ನಡುವೆ ಬಾಗಿ ಹೊಡೆದುಕೊಳ್ಳಲು ಶುರುಮಾಡುತ್ತದೆ. ಅದೇ ಪೈಪಿನ ಉದ್ದ ಎರಡು ಪಟ್ಟು ಮಾಡಿದರೆ ಆ ಅಪಾಯದ ವೇಗ ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಲಾರಿಗಳಲ್ಲಿ, ಎಂಜಿನ್ ಮುಂದಿರುವ ಬಸ್ಸುಗಳಲ್ಲಿ ಶಾಫ್ಟನ್ನು ಎರಡು ಇಲ್ಲವೇ ಮೂರು ತುಂಡು ಮಾಡಿ, ನಡುವೆ ಚಾಸಿಗೆ ರಬ್ಬರಿನಲ್ಲಿ ಕೂರಿಸಿದ ಸೆಂಟರ್ ಬೇರಿಂಗ್ ಕೊಡುತ್ತಾರೆ. ಪೈಪಿನ ಮೇಲೆ ಅಲ್ಲಲ್ಲಿ ಬೆಸೆದ ಸಣ್ಣ ಕಬ್ಬಿಣದ ಚೂರು ಕಂಡರೆ ಕಿತ್ತುಹಾಕಬೇಡಿ. ಅವು ಬ್ಯಾಲೆನ್ಸ್‌ಗೆ ಅಂತ ಅಳತೆ ಮಾಡಿ ಹಾಕಿದ ತೂಕ.

ಕಾರಿನ ಕೆಳಗೆ ಈ ಪೈಪು ಕಾಣುವುದಿಲ್ಲವಲ್ಲ?

ಹಳೆ ಅಂಬಾಸಿಡರ್‌ನ ಹಿಂದಿನ ಸೀಟಿನಲ್ಲಿ ನಡುವೆ ಕೂತವರ ಕಾಲ ಬಳಿ ಒಂದು ಉಬ್ಬು ಇರುತ್ತಿತ್ತು. ಅದರ ಕೆಳಗೆ ತಿರುಗುತ್ತಿದ್ದದ್ದು ಇದೇ ಶಾಫ್ಟ್. ಆಲ್ಟೊ, ಸ್ವಿಫ್ಟ್ ಥರದ ಕಾರುಗಳು ಮುಂದಿನ ಗಾಲಿಯಿಂದ ಓಡುತ್ತವೆ. ಅವುಗಳಲ್ಲಿ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು ಒಂದೇ ಡಬ್ಬಿಯಲ್ಲಿ ಇರುತ್ತವೆ. ಆ ಡಬ್ಬಿಯ ಎಡಕ್ಕೊಂದು ಬಲಕ್ಕೊಂದು ಗಿಡ್ಡ ಶಾಫ್ಟ್ ಹೊರಟು ನೇರ ಗಾಲಿಗೆ ಹೋಗುತ್ತದೆ. ಒಳತುದಿಯ ಸ್ಪ್ಲೈನ್ ಡಿಫರೆನ್ಷಿಯಲ್ಲಿನ ಗೇರಿನೊಳಗೆ ತೂರಿ ಕೂತಿರುತ್ತದೆ. ಜಾರಿ ಬರದಂತೆ ಸಾಮಾನ್ಯವಾಗಿ ಒಂದು ಸಣ್ಣ ತಂತಿ ಬಳೆ ಹಿಡಿದಿರುತ್ತದೆ.

ಮುಂದಿನ ಗಾಲಿ ಸ್ಟೇರಿಂಗಿಗೂ ತಿರುಗಬೇಕಲ್ಲ. ಕೋನ ಸುಮಾರು 45 ಡಿಗ್ರಿವರೆಗೂ ಹೋಗಬಹುದು. ಅಷ್ಟು ಕೋನಕ್ಕೆ ಒಂಟಿ ಕ್ರಾಸ್ ಹಾಕಿದರೆ ಗಾಲಿ ಜಗ್ಗಿ ಜಗ್ಗಿ ತಿರುಗುತ್ತದೆ. ಅದಕ್ಕೆ ಇಲ್ಲಿ ಸಿವಿ ಜಾಯಿಂಟ್, ಅಂದರೆ ಒಂದೇ ಸಮನೆಯ ವೇಗ ಕೊಡುವ ಜಾಯಿಂಟ್ ಬಳಸುತ್ತಾರೆ. 1920ರ ದಶಕದಲ್ಲಿ ಆಲ್‌ಫ್ರೆಡ್ ರೆಪ್ಪಾ ಎಂಬ ಎಂಜಿನಿಯರ್ ರೂಪಿಸಿದ ಬಗೆ ಹೊರತುದಿಯಲ್ಲಿ ಇರುತ್ತದೆ. ಅದರಲ್ಲಿ 6 ಉಕ್ಕಿನ ಗುಂಡುಗಳು, ಅವು ಓಡಾಡಲು ಬಾಗಿದ ದಾರಿಗಳು. ಶಾಫ್ಟ್ ಎಷ್ಟೇ ಬಾಗಲಿ, ಗುಂಡುಗಳು ಕೋನದ ಸರಿ ಅರ್ಧಕ್ಕೆ ನಿಲ್ಲುತ್ತವೆ. ಹಾಗಾಗಿ ವೇಗದಲ್ಲಿ ಏರಿಳಿತವೇ ಬರುವುದಿಲ್ಲ. ಗೇರ್‌ಬಾಕ್ಸ್ ಕಡೆಯ ಒಳತುದಿಯಲ್ಲಿ ಮೂರು ರೋಲರಿನ ಇನ್ನೊಂದು ಬಗೆ ಇದ್ದು, ಅದು ಬಗ್ಗುವುದರ ಜೊತೆಗೆ ಒಳಗೆ ಹೊರಗೆ ಜಾರುತ್ತದೆ.

ಎರಡನ್ನೂ ಸುತ್ತಿಕೊಂಡು ಒಂದೊಂದು ಮಡಿಕೆ ಮಡಿಕೆ ರಬ್ಬರ್ ಬೂಟು ಇರುತ್ತದೆ. ಈ ಜಾಯಿಂಟಿನ ಆಯಸ್ಸು ಅದರ ಕೈಯಲ್ಲಿದೆ. ಬೂಟು ಹರಿದರೆ ತಿರುಗುವ ರಭಸಕ್ಕೆ ಗ್ರೀಸ್ ಹೊರಗೆ ಚಿಮ್ಮುತ್ತದೆ, ಧೂಳು ಒಳಗೆ ಹೋಗುತ್ತದೆ. ಗಾಲಿಯ ಒಳಬದಿಯಲ್ಲಿ ಕಪ್ಪು ಗ್ರೀಸ್ ಸಿಡಿದಿದ್ದು ಕಂಡ ದಿನವೇ ಬೂಟು ಬದಲಿಸಿದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತದೆ. ಬಿಟ್ಟರೆ ಜಾಯಿಂಟೇ ಹೋಗುತ್ತದೆ.

ರಾಶಿ ಯಂತ್ರದ ಶಾಫ್ಟೂ ಇದೇ

ಟ್ರ್ಯಾಕ್ಟರ್ ಹಿಂದೆ ರಾಶಿ ಯಂತ್ರ ಕಟ್ಟಿದಾಗ ನಡುವೆ ಹಾಕುವ, ಟ್ರ್ಯಾಕ್ಟರಿನ ಬಲವನ್ನು ಯಂತ್ರಕ್ಕೆ ಒಯ್ಯುವ ಪಿಟಿಒ ಶಾಫ್ಟ್ ನೋಡಿ. ಎರಡು ತುದಿಗೆ ಎರಡು ಕ್ರಾಸ್, ನಡುವೆ ಒಂದರೊಳಗೊಂದು ಜಾರುವ ಪೈಪು. ಲಾರಿಯ ಕೆಳಗಿರುವುದೇ ಇಲ್ಲಿ ಬಯಲಿಗೆ ಬಂದಿದೆ. ಎಂಜಿನ್ ಬಂದ್ ಮಾಡಿದಾಗ ಇದನ್ನು ಕೈಯಿಂದ ಎಳೆದು ಬಗ್ಗಿಸಿ ನೋಡಿದರೆ ಮೇಲೆ ಹೇಳಿದ್ದೆಲ್ಲ ಕಣ್ಣಿಗೆ ಕಾಣುತ್ತದೆ.

ಬಯಲಿಗೆ ಇರುವುದೇ ಅದರ ಅಪಾಯ. ಸಾಮಾನ್ಯವಾಗಿ ಅದು ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ. 7 ಸೆಂಟಿಮೀಟರ್ ದಪ್ಪದ ಶಾಫ್ಟಿಗೆ ಸೆರಗಿನ ತುದಿ ಸಿಕ್ಕಿತು ಅಂದರೆ ಒಂದು ಸೆಕೆಂಡಿನಲ್ಲಿ ಸುಮಾರು 2 ಮೀಟರ್ ಬಟ್ಟೆ ಸುತ್ತಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಸೀರೆ, ಧೋತರ, ಟವೆಲ್, ವೇಲ್ ಯಾವುದೂ ಅದರ ಹತ್ತಿರ ಸುಳಿಯಬಾರದು. ಅದರ ಮೇಲಿನ ಪ್ಲಾಸ್ಟಿಕ್ ಕವಚ ಮುರಿದಿದ್ದರೆ ರಾಶಿ ನಿಲ್ಲಿಸಿಯಾದರೂ ಹೊಸದು ಹಾಕಿಸಲೇಬೇಕು. ದಾಟಿ ಹೋಗುವುದು, ಓಡುತ್ತಿರುವಾಗ ಕೈ ಹಾಕಿ ಸಿಕ್ಕಿದ ಕಟ್ಟಿಗೆ ತೆಗೆಯುವುದು ಬೇಡವೇ ಬೇಡ. ಮಕ್ಕಳನ್ನು ಆ ಕಡೆ ಬಿಡಲೇಬೇಡಿ.

ಸದ್ದು ಕೇಳಿ ಜಾಗ ಹಿಡಿಯುವುದು

ಕ್ಲಚ್ ಬಿಟ್ಟ ಕೂಡಲೇ ಕೆಳಗೆ ‘ಟಕ್’ ಅಂದರೆ ಕ್ರಾಸ್ ಸಡಿಲಾಗಿರಬಹುದು, ಸ್ಪ್ಲೈನ್ ಸವೆದಿರಬಹುದು. ನಿಧಾನಕ್ಕೆ ಹೋಗುವಾಗ ‘ಕಿಚ್ ಕಿಚ್’ ಅಂದರೆ ಕ್ರಾಸ್ ಒಣಗಿದೆ. ಒಂದು ವೇಗ ಮುಟ್ಟಿದಾಗ ಮಾತ್ರ ನಡುಕ ಬಂದರೆ ಬ್ಯಾಲೆನ್ಸ್, ಸೆಂಟರ್ ಬೇರಿಂಗ್ ನೋಡಿಸಬೇಕು. ಕಾರಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ‘ಟಕ ಟಕ ಟಕ’ ಅಂದರೆ ಹೊರಗಿನ ಸಿವಿ ಜಾಯಿಂಟ್.

ಕಣ್ಣಿನಿಂದಲೂ ಪತ್ತೆ ಮಾಡಬಹುದು. ಒಣಗಿದ ಕ್ರಾಸ್‌ನ ಕಪ್ಪಿನ ಅಂಚಿನಲ್ಲಿ ಇಟ್ಟಿಗೆ ಬಣ್ಣದ ಪುಡಿ ಕೂತಿರುತ್ತದೆ. ಅದು ಸವೆದ ಉಕ್ಕಿನ ತುಕ್ಕು. ಬೀದರ್ ಕಡೆ ಮಣ್ಣೇ ಕೆಂಪಾದ್ದರಿಂದ ಗೊಂದಲ ಆಗುತ್ತದೆ. ಹಾಗಿದ್ದರೆ ಬಟ್ಟೆಯಿಂದ ಪೂರ್ತಿ ಒರೆಸಿ, ಒಂದೆರಡು ದಿನ ಓಡಿಸಿ ಮತ್ತೆ ನೋಡಿ. ಮಣ್ಣಾದರೆ ಶಾಫ್ಟಿನ ಮೈಮೇಲೆಲ್ಲ ಇರುತ್ತದೆ. ತುಕ್ಕಾದರೆ ಆ ಕಪ್ಪಿನ ಸುತ್ತ ಮಾತ್ರ ಮತ್ತೆ ಬರುತ್ತದೆ. ಗಾಡಿ ಸಮತಟ್ಟಾದ ಜಾಗದಲ್ಲಿ, ಎಂಜಿನ್ ಬಂದ್ ಇದ್ದು, ಗಾಲಿಗೆ ಅಡ್ಡ ಕಲ್ಲು ಕೊಟ್ಟಿದ್ದಾಗ ಕ್ರಾಸ್‌ನ ಆಚೀಚೆಯ ಎರಡು ಕವಲನ್ನು ಹಿಡಿದು ವಿರುದ್ಧ ದಿಕ್ಕಿಗೆ ತಿರುವಿ ನೋಡಿ. ನಡುವೆ ಆಟ ಕಂಡರೆ ಇನ್ನು ಕಾಯಬಾರದು. ಓಡುವಾಗ ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ಮುಂತುದಿ ರಸ್ತೆಗೆ ಬಿದ್ದು ನೆಟ್ಟುಕೊಂಡು ಗಾಡಿಯನ್ನೇ ಎತ್ತಿಹಾಕಬಹುದು. ಅದಕ್ಕೇ ಎಷ್ಟೋ ಗಾಡಿಗಳಲ್ಲಿ ಶಾಫ್ಟಿನ ಕೆಳಗೆ ತಡೆ ಪಟ್ಟಿ ಕೊಟ್ಟಿರುತ್ತಾರೆ. ಅದು ಕಳಚಿದ್ದರೆ ಮರಳಿ ಹಾಕಿಸಿ.

ಬಿಚ್ಚುವ ಮೊದಲು

ಗೇರಿನಲ್ಲಿ ನಿಲ್ಲಿಸಿದ ಗಾಡಿ ಉರುಳದೆ ನಿಲ್ಲುವುದು ಎಂಜಿನ್ ತಡೆಯುವುದರಿಂದ. ಆ ತಡೆ ಗಾಲಿಗೆ ತಲುಪುವುದು ಈ ಶಾಫ್ಟಿನ ಮೂಲಕವೇ. ಶಾಫ್ಟ್ ಬಿಚ್ಚಿದರೆ ಗಾಲಿಗೂ ಗೇರಿಗೂ ಸಂಬಂಧ ಕಡಿಯಿತು. ಆಮೇಲೆ ಮೊದಲ ಗೇರಿನಲ್ಲಿದ್ದರೂ ಗಾಡಿ ಇಳಿಜಾರಿಗೆ ಉರುಳುತ್ತದೆ. ಕೆಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಗೇರ್‌ಬಾಕ್ಸಿನ ಬಾಲದಲ್ಲೇ ಇರುತ್ತದೆ. ಅಂಥದ್ದರಲ್ಲಿ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಉಪಯೋಗವಿಲ್ಲ. ಕೆಳಗೆ ಮಲಗಿ ಬಿಚ್ಚುತ್ತಿರುವ ಮನುಷ್ಯನ ಮೇಲೇ ಗಾಡಿ ಬರುತ್ತದೆ. ರಸ್ತೆ ಬದಿ ಜಾಯಿಂಟ್ ಬಿಚ್ಚುವ ಪರಿಸ್ಥಿತಿ ಬಂದರೆ ಮೊದಲು ಗಾಲಿಗಳಿಗೆ ಮುಂದೂ ಹಿಂದೂ ದೊಡ್ಡ ಕಲ್ಲು ಕೊಡಿ. ಬೋಲ್ಟಿಗೆ ಪಾನಾ ಹಚ್ಚುವುದು ಆಮೇಲೆ.